ನಿಂತೇ ಕಲಿಸುವ ಟವಾರಿಸ್

ಸ್ಟಾಕ್ಟನ್ ಊರಿನ ಬೆಳಗಿನ ಮಂಜು ಇನ್ನೂ ಕರಗಿಲ್ಲ. ಸಮುದಾಯ ಕಾಲೇಜಿನ ಗಣಿತ ಸಹಾಯ ಕೊಠಡಿಯ ಬೀಗ ತೆಗೆಯುತ್ತಿದ್ದಾನೆ ಟವಾರಿಸ್ ಬ್ರೂಸಾರ್ಡ್. ಹಿಂದಿನಿಂದ ಕಾವಲುಗಾರನ ದನಿ: "ಏಯ್ ತಮ್ಮಾ, ಬಾಸ್ಕೆಟ್‌ಬಾಲ್ ಆಡೋ ಜಾಗ ಆ ಕಡೆ." ಇದು ಅವನಿಗೆ ಹೊಸ ಮಾತಲ್ಲ. "ನಂಗೆ ಚೆಂಡು ಹಿಡಿಯೋಕೂ ಬರಲ್ಲ ಸಾರ್. ಬರೋದು ಲೆಕ್ಕ ಮಾತ್ರ," ಎನ್ನುತ್ತಾ ದೀಪ ಹಾಕುತ್ತಾನೆ.

ಇಪ್ಪತ್ತೆರಡರ ಕಪ್ಪು ಹುಡುಗ, ಆರೂವರೆ ಅಡಿ ಎತ್ತರ. ಬೆಳಿಗ್ಗೆ ಬೇರೆ ವಿದ್ಯಾರ್ಥಿಗಳಿಗೆ ಲೆಕ್ಕ ಹೇಳಿಕೊಡುವುದು ಅವನ ಸಂಬಳದ ಕೆಲಸ. ಆಮೇಲೆ ಅವನೂ ವಿದ್ಯಾರ್ಥಿಯೇ. ಇಲ್ಲಿ ಎಲ್ಲ ಬಣ್ಣದವರೂ ಓದುತ್ತಾರೆ, ಗೋಡೆ ತುಂಬ ಅದರದೇ ಹೆಮ್ಮೆಯ ಚಿತ್ರಗಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಬಂದವರೆಲ್ಲ ಅವನ ಖಾಲಿ ಮೇಜು ದಾಟಿ ಪಕ್ಕದ ಮೇಜಿಗೆ ಸಾಲು ನಿಲ್ಲುತ್ತಾರೆ. ಬಿಳಿಯರಷ್ಟೇ ಅಲ್ಲ, ಫಿಲಿಪೀನ್ಸಿನವರು, ಪಂಜಾಬಿನವರ ಮಕ್ಕಳು ಕೂಡ. ನೋಡಿದರೆ ಮೈ ಉರಿಯುತ್ತದೆ.

ಈ ಹೊತ್ತು ಜಸ್‌ಕರಣ್ ಎಂಬ ಹೊಸ ಹುಡುಗ ಬಂದು ಟವಾರಿಸ್‌ನನ್ನೇ ಕೇಳುತ್ತಾನೆ: "ಹೇಳ್ಕೊಡೋರು ಎಷ್ಟೊತ್ತಿಗೆ ಬರ್ತಾರೆ?"

"ಈಗ ಬರ್ತಾರೆ, ಕೂತ್ಕೋ." ಟವಾರಿಸ್ ಹೊರಗೆ ಹೋಗಿ, ಬಾಗಿಲು ತಟ್ಟಿ, ಮತ್ತೆ ಒಳಗೆ ಬರುತ್ತಾನೆ. "ಬಂದ್ರು. ಯಾವ ಲೆಕ್ಕ?"

ಹುಡುಗ ನಾಚಿ ನೀರಾಗುತ್ತಾನೆ. ಆದರೂ ಲೆಕ್ಕ ಅವನ ತಲೆಗೆ ಹತ್ತುತ್ತದೆ. "ನಗಿಸ್ತೀನಿ ಅಂತ ನೋವಾಗಲ್ಲ ಅಂದ್ಕೋಬೇಡ," ಎನ್ನುತ್ತಾನೆ ಟವಾರಿಸ್ ಆಮೇಲೆ ಅವನಿಗೆ.

ಅವನು ಹಲಗೆಯ ಮುಂದೆ ನಿಂತೇ ಕಲಿಸುವವನು. ಹೋದ ವಾರ ಯಾರೋ ದೂರು ಕೊಟ್ಟಿದ್ದಾರೆ, ಅವನು ಎದುರು ನಿಂತರೆ ಭಯವಾಗುತ್ತದಂತೆ. ಮೇಲ್ವಿಚಾರಕಿ ಹಾಲ್ವರ್ಸನ್ ಬೆಣ್ಣೆಯಿಂದ ಕೂದಲು ತೆಗೆದಂತೆ ಹೇಳಿದ್ದಾರೆ: "ಕೂತ್ಕೊಂಡು ಕಲಿಸಪ್ಪ. ಇಲ್ಲಾಂದ್ರೆ ಮುಂದಿನ ಸೆಮಿಸ್ಟರ್‌ಗೆ ಈ ಕೆಲಸ ಕೊಡೋದು ಕಷ್ಟ. ಶುಕ್ರವಾರ ಹೇಳು." ಪಕ್ಕದ ಮೇಜಿನ ಕೋಲ್ ಕೂಡ ಉದ್ದನೆಯ ಆಳು, ನಿಂತೇ ಕಲಿಸುತ್ತಾನೆ. ಬಿಳಿಯನಾದ ಅವನಿಗೆ ಯಾರೂ ಹೆದರಿಲ್ಲ.

ಈ ಸಂಬಳ ನಿಂತರೆ ಟವಾರಿಸ್‌ನ ಓದೂ ನಿಲ್ಲುತ್ತದೆ. ಸಾಕಿದ ಅಜ್ಜಿ ಓರಾಲೀಗೆ ಅವನು ಈ ವಿಷಯ ಅಳುಕುತ್ತಲೇ ಹೇಳಿದ್ದಾನೆ. ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ನಿಂತೇ ಮುದುಕಿಯಾದವಳು ಅವಳು. "ನಿಲ್ಲೋಕೇ ಕಾಲು ಇರೋದು ಮಗಾ. ಹೆದರ್ಕೊಂಡು ಕೂತ್ಯೋ, ಮನೆ ಕಡೆ ಬರಬೇಡ," ಎಂದಳಂತೆ.

ಶುಕ್ರವಾರ ಹಾಲ್ವರ್ಸನ್ ಬಂದು ನೋಡಿದರೆ ಟವಾರಿಸ್‌ನ ಮೇಜಿನ ಹಿಂದೆ ಕುರ್ಚಿಯೇ ಇಲ್ಲ. ಅದು ಮುಂದೆ ಬಂದಿದೆ, ಅದರಲ್ಲಿ ಜಸ್‌ಕರಣ್ ಕೂತಿದ್ದಾನೆ, ಪಕ್ಕದಲ್ಲಿ ಅವನ ಗೆಳೆಯ.

"ಕೂತ್ಕೋ ಅಂದಿದ್ನಲ್ಲ?"

"ಕುರ್ಚಿ ಸಾಲ್ತಿಲ್ಲ ಮೇಡಂ."

ಹಾಲ್ವರ್ಸನ್ ಕುರ್ಚಿಯತ್ತ ಒಮ್ಮೆ ನೋಡಿ ಹೊರಡುತ್ತಾರೆ. ಕೆಲಸ ಉಳಿಯುತ್ತದೆಯೇ, ಯಾರಿಗೂ ಗೊತ್ತಿಲ್ಲ. ಟವಾರಿಸ್ ಹಲಗೆ ಒರೆಸುತ್ತಲೇ ಜಸ್‌ಕರಣ್‌ಗೆ ಹೇಳುತ್ತಾನೆ: "ಕೆಲಸದಿಂದ ತೆಗೆದ್ರೂ ಬರ್ತೀನಿ, ಸಂಬಳ ಇಲ್ದೆ ಇಲ್ಲೇ ನಿಲ್ತೀನಿ. ಹೆದರೋರು ಹೆದರ್ಲಿ, ಲೆಕ್ಕ ಬರದೋರು ಬರ್ಲಿ."