ಚೀಲ ಕೂತ ಸೀಟು

ಡೊಂಬಿವಲಿಯಿಂದ ನಾನು ಆಫೀಸಿಗೆ ಹೋಗುತ್ತಿದ್ದ ಲೋಕಲ್ ರೈಲಿನಲ್ಲಿ ಒಂದು ಭಜನೆ ಗುಂಪಿತ್ತು. ವರ್ಷಗಟ್ಟಲೆ ಅವರಿಗೆ ತಾಳ ಹಾಕಿದ ಸಂಜಯ ಬೌದ್ಧ ದೀಕ್ಷೆ ತಗೊಂಡು ಭಜನೆ ಬಿಟ್ಟ. ಮರುದಿನ ಅವನ ಸೀಟಿನ ಮೇಲೆ ತಾಳದ ಚೀಲ ಕೂತಿತ್ತು, ಅವನು ನಿಂತಿದ್ದ.

"ಚೀಲ ತೆಗೀರಿ," ಎಂದೆ.

"ಇದು ಭಜನೆಯವರ ಸೀಟು ಮಾರಾಯ್ರೆ," ಎಂದರು ಗುಂಪಿನ ಹಿರಿಯರಾದ ಉಡುಪಿಯ ರಾಯರು. "ಅವ ಈಗ ನಮ್ಮವ ಅಲ್ಲ."

ನನಗೆ ಮೈಯೆಲ್ಲ ಉರಿಯಿತು. "ಅವನ ಹತ್ರ ಪಾಸ್ ಇದೆ. ನಿಮ್ಮ ಚೀಲದ ಹತ್ರ ಇದೆಯಾ?"

"ಜಾನೇ ದೋ ಯಾರ್," ಎಂದ ಸಂಜಯ, ಹೋಗಲಿ ಬಿಡು ಅನ್ನುವಂತೆ.

ದಿವಾ ಸ್ಟೇಷನ್‌ನಲ್ಲಿ ಜನ ನುಗ್ಗಿ ಅವನನ್ನು ಕಂಬಕ್ಕೆ ಒತ್ತಿದರು. ರಾಯರು ಕಣ್ಣು ಮುಚ್ಚಿ, ದೇವರು ಎಲ್ಲೆಲ್ಲೂ ಇದ್ದಾನೆ ಅಂತ ಹಾಡತೊಡಗಿದರು.

ಇರಬಹುದು. ಆ ಸೀಟಿನಲ್ಲಿ ಮಾತ್ರ ದೇವರಿಗೂ ಜಾಗವಿರಲಿಲ್ಲ, ಚೀಲ ಕೂತಿತ್ತು.