ಅಪೊಲೋನಿಯಾಳ ಚಾವಡಿಯ ಫ್ಯಾನು

ಶಂಕರಪುರದ ಲೂಯಿಸ್ ಟೈಲರನಿಗೆ ಏನು ಕಂಡರೂ ಮೊದಲು ಅಳತೆ ತೆಗೆಯಬೇಕು. ಎಂಬತ್ತಮೂರರ ಏಪ್ರಿಲಿನಲ್ಲಿ ಹಳೆಯ ಹಂಚಿನ ಮನೆ ಹೋಗಿ ತಾರಸಿ ಮನೆ ಎದ್ದಾಗ, ಅವನು ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಟೇಪನ್ನೇ ತೆಗೆದು ಕೋಣೆ ಕೋಣೆ ಅಳೆದ. ಫ್ಯಾನು ತರುವುದಕ್ಕೆ ಈ ಸಿದ್ಧತೆ. ಹೊಸ ತಾರಸಿ ಬೆಳಿಗ್ಗೆಯೇ ಕಾದು ಒಳಗಿದ್ದವರನ್ನು ಬೇಯಿಸುತ್ತಿತ್ತು. ಟೇಪಿನ ಇನ್ನೊಂದು ತುದಿ ಹಿಡಿದು ನಿಂತವಳು ಹೆಂಡತಿ ಅಪೊಲೋನಿಯಾ.

“ಮಲಗುವ ಕೋಣೆಗೆ ನಲವತ್ತೆಂಟು ಇಂಚಿನದ್ದು ಸಾಕು. ಆ ಸಣ್ಣ ಕೋಣೆಗೆ ಮೂವತ್ತಾರು. ಎದುರಿನ ಈ ಚಾವಡಿಗೆ ಮಾತ್ರ ಐವತ್ತಾರು ಇಂಚಿನದ್ದೇ ಆಗಬೇಕು ಮಾರಾಯ್ತಿ. ನೀನು ದಿನಾ ಕೂರುವ ಜಾಗ ಅಲ್ವಾ?” ಎಂದ ಲೂಯಿಸ್.

ಚಾವಡಿಗೆ ಫ್ಯಾನು ಬೇಡ ಎನ್ನಬೇಕೆಂದಿದ್ದ ಅಪೊಲೋನಿಯಾ ಆ ಕೊನೆಯ ವಾಕ್ಯ ಕೇಳಿ ಟೇಪಿನ ತುದಿಯನ್ನು ಗೋಡೆಗೆ ಒತ್ತಿ ಹಿಡಿದಳು. ಅವಳು ದಿನಾ ಅಲ್ಲಿ ಕೂರುತ್ತಿದ್ದುದು ಮಲ್ಲಿಗೆ ಕಟ್ಟಲು. ನಸುಕಿನಲ್ಲಿ ಗಿಡದಿಂದ ಮೊಗ್ಗು ಕೊಯ್ದು ತಂದು, ಪಕ್ಕದ ಮನೆಯ ಸುಗಂಧಿಯ ಜೊತೆ ಚಾವಡಿಯಲ್ಲಿ ಕಾಲು ಚಾಚಿ ಕೂತು, ಒದ್ದೆ ಬಾಳೆನಾರಿನಲ್ಲಿ ಕಟ್ಟಿ ಕಟಪಾಡಿಗೆ ಮುಟ್ಟಿಸಬೇಕು. ಅಲ್ಲಿ ಹೂವಿನ ವ್ಯಾಪಾರಿ ಉಮಾನಾಥ ಅವಳ ಹೂವನ್ನು ಬಿಚ್ಚಿ ನೋಡುತ್ತಲೂ ಇರಲಿಲ್ಲ. “ಬಾಯಮ್ಮನ ಹೂವಾ? ಸಂಜೆವರೆಗೆ ಮೊಗ್ಗಾಗಿಯೇ ಇರ್ತದೆ” ಎಂದು ನೇರ ಒಳ್ಳೆಯ ಹೂವಿನ ಎದುರಿನ ಬುಟ್ಟಿಗೆ ಹಾಕುತ್ತಿದ್ದ. ಆ ಒಂದು ಮಾತಿಗಾಗಿ ಅಪೊಲೋನಿಯಾ ಮೂವತ್ತು ವರ್ಷ ಬೆನ್ನು ಬಗ್ಗಿಸಿದ್ದಳು.

ಮೊಗ್ಗಿಗೆ ಗಾಳಿ ಆಗದು ಎಂಬುದು ಶಂಕರಪುರದ ಮಕ್ಕಳಿಗೂ ಗೊತ್ತು. ಹೊಲಿಗೆಯಲ್ಲೇ ಮುಳುಗಿದ್ದ ಲೂಯಿಸನ ತಲೆಗೆ ಮಾತ್ರ ಅದು ಹೋಗಲಿಲ್ಲ. ಅವನು ಉಡುಪಿಯ ಅಂಗಡಿಯಲ್ಲಿ ಒಂದೊಂದೇ ಫ್ಯಾನು ತಿರುಗಿಸಿ, ಕೆಳಗೆ ಕರವಸ್ತ್ರ ಹಿಡಿದು ನಿಂತು, ಅಂಗಡಿಯವನು ಸಾಕೋ ಸಾಕು ಅನ್ನುವಷ್ಟು ಪರೀಕ್ಷೆ ಮಾಡಿ ತಂದ. ಚಾವಡಿಯದ್ದು ಆಕಾಶನೀಲಿ. ಸ್ವಿಚ್ಚು ಹಾಕಿದಾಗ ಅವನ ಮುಖ ಎಷ್ಟು ಅರಳಿತೆಂದರೆ, ಅಪೊಲೋನಿಯಾಳಿಗೆ ಬೇಡ ಅನ್ನಲು ಮನಸ್ಸೇ ಬರಲಿಲ್ಲ.

“ಒಂದರಲ್ಲಿ ಇಡಿ, ಸಾಕು,” ಎಂದಳು ಮೆಲ್ಲಗೆ.

“ಒಂದರಲ್ಲಿ ಇಡಲಿಕ್ಕೆ ಇಷ್ಟು ದೊಡ್ಡದು ಎಂತಕ್ಕೆ?” ಎಂದು ಅವನು ಐದಕ್ಕೆ ತಿರುಗಿಸಿ ತನ್ನ ಟೈಲರಂಗಡಿಗೆ ಸೈಕಲ್ ಹತ್ತಿದ.

ಒಂದು ದಿನ ನೋಡುವ ಎಂದುಕೊಂಡಳು. ಮೊಗ್ಗಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಬೇಕಾದಷ್ಟೇ ಹೊರತೆಗೆದು ಕಟ್ಟಿದಳು. ಬೆವರಿಲ್ಲದ ಆ ಬೆಳಗು ಹಿತವಾಗಿಯೇ ಇತ್ತೆನ್ನಿ. ಸುಗಂಧಿಯಂತೂ ಇನ್ನು ತನ್ನ ಮನೆಗೇ ಹೋಗುವುದಿಲ್ಲ ಎಂದಳು. ಆದರೆ ಕಟಪಾಡಿಯಲ್ಲಿ ಉಮಾನಾಥ ಕಟ್ಟು ಎತ್ತಿದವನು ಹಾಗೇ ತಡೆದ. ಮೊಗ್ಗಿನ ತುದಿಗಳು ಬಾಡಿ ಕಂದಿದ್ದವು.

“ಹೂವಿಗೆ ಎಂತ ಆಯ್ತು ಬಾಯಮ್ಮ? ನಿಮ್ಮದೇ ಅಲ್ವಾ ಇದು?” ಎಂದು ಕೇಳಿ, ಕಟ್ಟನ್ನು ಹಿಂದಿನ ಬುಟ್ಟಿಗೆ ಹಾಕಿದ.

ಬಸ್ಸಿನಲ್ಲಿ ಅವಳಿಗೆ ಅಳುವೇ ಬಂತು. ಗಂಡನಿಗೆ ಹೇಳಿದರೆ ಅವನ ಮುಖ ಬಾಡುತ್ತದೆ, ಹೇಳದಿದ್ದರೆ ಹೂವು ಬಾಡುತ್ತದೆ. ಕೊನೆಗೆ ಅವಳೊಂದು ಉಪಾಯ ಮಾಡಿದಳು. ಲೂಯಿಸ್ ಗೇಟು ದಾಟಿದೊಡನೆ ಫ್ಯಾನು ಬಂದ್. ಅವನ ಸೈಕಲ್ ಬೆಲ್ಲು ಕೇಳಿದೊಡನೆ ಹೂವಿಗೆ ಬಟ್ಟೆ ಮುಚ್ಚಿ ಫ್ಯಾನು ಚಾಲೂ. ಸ್ವಿಚ್ಚಿನ ಕೆಲಸ ಸುಗಂಧಿಗೆ. ಇಬ್ಬರೂ ಐವತ್ತಾರು ಇಂಚಿನ ಫ್ಯಾನಿನ ಕೆಳಗೆ ಕೂತು ಬೆವರಿನಲ್ಲಿ ಮಿಂದರು, ನಕ್ಕೂ ನಕ್ಕರು. ಹೂವು ಮಾತ್ರ ಮತ್ತೆ ಉಮಾನಾಥನ ಎದುರಿನ ಬುಟ್ಟಿಗೆ ಬಂತು.

ಒಂದು ದಿನ ಲೂಯಿಸ್ ಟೇಪು ಮರೆತು ಹೋಗಿದ್ದ. ದಾರಿಯಲ್ಲೇ ಸೈಕಲ್ ಪಂಕ್ಚರಾಗಿ, ನಡೆದುಕೊಂಡೇ ವಾಪಸು ಬಂದ. ಬೆಲ್ಲಿಲ್ಲ, ಸದ್ದಿಲ್ಲ. ಬಾಗಿಲಲ್ಲಿ ನಿಂತು ನೋಡಿದರೆ ಫ್ಯಾನು ಗಪ್‌ಚಿಪ್. ಹೆಂಡತಿಯ ರವಿಕೆ ಬೆನ್ನಿಗೆ ಅಂಟಿಕೊಂಡಿದೆ.

“ಕರೆಂಟು ಇಲ್ವಾ?”

“ಉಂಟು,” ಎಂದಳು ಸುಗಂಧಿ, ಮತ್ತೆ ನಾಲಗೆ ಕಚ್ಚಿಕೊಂಡಳು.

ಅಪೊಲೋನಿಯಾ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. “ನೀವು ಅಷ್ಟು ಆಸೆಯಿಂದ ತಂದದ್ದು. ಹೇಗೆ ಬೇಡ ಅನ್ನುವುದು?”

ಲೂಯಿಸ್ ಗೂಟದಿಂದ ಟೇಪು ತೆಗೆದು ಕುತ್ತಿಗೆಗೆ ಹಾಕಿಕೊಂಡ. ಬೇಸರವಾಗಿತ್ತು, ಇಷ್ಟು ದಿನ ಇವಳು ಬೆಂದಳಲ್ಲ ಎಂದು ಅದಕ್ಕಿಂತ ಹೆಚ್ಚು ಸಂಕಟವಾಗಿತ್ತು. “ಗೋಡೆಯ ಅಳತೆ ತೆಗೆದೆ. ಕೂತವರದ್ದು ತೆಗೆಯಲಿಲ್ಲ,” ಎಂದು ಹೇಳಿ ಅಂಗಡಿಗೆ ಹೋದ.

ಮರುದಿನ ಬೆಳಿಗ್ಗೆ ಅವನು ಸೈಕಲ್ ಹತ್ತಲಿಲ್ಲ. ಅಡಿಕೆ ಹಾಳೆಯನ್ನು ಕತ್ತರಿಯಿಂದ ದುಂಡಗೆ ಕತ್ತರಿಸಿ, ಅಂಚಿಗೆ ಬಟ್ಟೆ ಹೊಲಿದು ಮಾಡಿದ ಬೀಸಣಿಗೆಯೊಂದನ್ನು ಹಿಡಿದು ಹೆಂಡತಿಯ ಹಿಂದೆ ಮಣೆ ಹಾಕಿ ಕೂತ. ಗಾಳಿ ಅವಳ ಬೆನ್ನು ದಾಟಿ ಮಡಿಲಿನ ಹೂವಿಗೆ ಹೋಗದ ಹಾಗೆ ಮೆಲ್ಲಗೆ ಬೀಸಿದ. ಸುಗಂಧಿ ತನ್ನ ಬೆನ್ನನ್ನೂ ಇತ್ತ ಸರಿಸಿದಳು. ಅಂದಿನಿಂದ ಟೈಲರಂಗಡಿ ತೆರೆಯುವುದು ಹೂವು ಕಟ್ಟಿ ಮುಗಿದ ಮೇಲೆ ಎಂದಾಯಿತು.

ಮನೆ ನೋಡಲು ಬಂದವರು ಚಾವಡಿಯ ಆ ನೀಲಿ ಫ್ಯಾನು ನೋಡಿ, “ಎಷ್ಟು ದೊಡ್ಡದು ಬಾಯಮ್ಮ! ಒಳ್ಳೆ ಗಾಳಿ ಬರ್ತದಾ?” ಎಂದು ಕೇಳುತ್ತಿದ್ದರು.

“ಇದು ಸಂಜೆಗೆ,” ಎನ್ನುತ್ತಿದ್ದಳು ಅಪೊಲೋನಿಯಾ. “ಬೆಳಗಿನ ಫ್ಯಾನು ಈಗ ಅಂಗಡಿಗೆ ಹೋಗಿದೆ.”