ಸೋಮವಾರದ ಬಿಡುವು

ದುಮ್ಮವಾಡದಲ್ಲಿ ನಾವು ರಜೆಗೆ ಉಳಿದಿದ್ದ ಮನೆಯ ಕಾಕಾ ಅಂದು ಬೆಳಿಗ್ಗೆ ನಮ್ಮ ಕಾರಿನ ಮುಂದೆಯೇ ಹಗ್ಗದ ಹೊರಸು ಹಾಕಿಕೊಂಡು ಕುಳಿತಿದ್ದರು. ನಾನು ದಿನಕ್ಕೊಂದು ಜಾಗ ಗೊತ್ತುಮಾಡಿದ್ದೆ. ದಾಂಡೇಲಿಯ ಕಾಡು ಮುಗಿದಿತ್ತು, ಅಂದು ಮಾಗೋಡು ಜಲಪಾತ.

“ಇವತ್ತ ಸೋಮವಾರರೀ. ನಮ್ಮ ಕಡೆ ಎತ್ತು ಹೂಡಂಗಿಲ್ಲ, ಅವಕ್ಕ ಬಿಡುವು,” ಎಂದರು.

“ಕಾರಿಗೆಂಥ ಬಿಡುವು, ಕಾಕಾ?” ಎಂದು ನಕ್ಕೆ.

“ಕಾರಿಗೆ ಬ್ಯಾಡ್ರಿ. ಹೊಡಿಯೋರಿಗೆ ಬೇಕಲ್ಲರಿ?” ಎಂದು ನನ್ನ ಹೆಂಡತಿಯತ್ತ ನೋಡಿದರು.

ನನಗೆ ಡ್ರೈವಿಂಗ್ ಬಾರದು. ದಿನವೂ ಓಡಿಸುತ್ತಿದ್ದವಳು ಅವಳೇ. ಕೀಲಿಯನ್ನು ಹೊರಸಿನ ಮೇಲಿಟ್ಟು, ಒಳಗೆ ಹೋಗಿ ಮಲಗಿಬಿಟ್ಟಳು.

ಮಾಗೋಡು ಇನ್ನೂ ನೋಡಿಲ್ಲ. ನಾನೀಗ ಡ್ರೈವಿಂಗ್ ಕಲಿಯುತ್ತಿದ್ದೇನೆ. ದಾಂಡೇಲಿಗೂ ಮತ್ತೊಮ್ಮೆ ಹೋಗಬೇಕಿದೆ. ಆ ಕಾಡನ್ನು ಅವಳು ನೋಡಿಯೇ ಇಲ್ಲವಂತೆ, ರಸ್ತೆ ಮಾತ್ರ ನೋಡಿದ್ದಳಂತೆ.